ಮೀಟರನ್ನು ನಂಬುವ ಮುನ್ನ



ತ್ಯಾಗಲಿಯ ಓದುಗರೊಬ್ಬರು ಬರೆದಿದ್ದಾರೆ: "ಅಕ್ಕಾ, ಮೀನಿನ ತೊಟ್ಟಿಗೆ ಹೊಸ ಫಿಲ್ಟರ್ ಹಾಕಿಸಿದೆವು. ಟಿಡಿಎಸ್ ಮೀಟರ್ 40 ತೋರಿಸ್ತದೆ. ಆದರೂ ವಾರದಲ್ಲಿ ಮೂರು ಮೀನು ಸತ್ತವು. ಮಗ ಸರಿಯಾಗಿ ಊಟವನ್ನೇ ಮಾಡ್ತಿಲ್ಲ."

ಮೊದಲು ಮೀಟರನ್ನೇ ಪರೀಕ್ಷಿಸಿ. ಅದಕ್ಕೆಂದೇ 342 ಪಿಪಿಎಂ ಎಂದು ಬರೆದ ಉಪ್ಪುನೀರಿನ ಶೀಶೆ ಸಿಗುತ್ತದೆ. ಮನೆಯಲ್ಲೇ ಮಾಡ್ಕೊಳ್ಳೋಣ ಅನ್ನಬೇಡಿ. ಲೀಟರಿಗೆ 342 ಮಿಲಿಗ್ರಾಂ ಉಪ್ಪು ನಮ್ಮ ಅಡುಗೆಮನೆಯ ತಕ್ಕಡಿಗೆ ಸಿಕ್ಕುವ ತೂಕವಲ್ಲ! ಮೀಟರಿನ ತುದಿಯನ್ನು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ ತೊಳೆದು, ಕೊಡವಿ, ಬಟ್ಟಲಿಗೆ ಸುರಿದ ಆ ಉಪ್ಪುನೀರಿನಲ್ಲಿ ಅದ್ದಿ. ಗುಳ್ಳೆ ಹೋಗುವಂತೆ ಅಲುಗಿಸಿ, ಅಂಕಿ ನಿಲ್ಲುವ ತನಕ ಕಾಯಿರಿ. 342 ಬಾರದಿದ್ದರೆ ಹಿಂಬದಿಯ ತಿರುಪನ್ನೋ ಗುಂಡಿಯನ್ನೋ ಬಳಸಿ ಸರಿಪಡಿಸಿ. ಬಟ್ಟಲಿನದನ್ನು ಶೀಶೆಗೆ ವಾಪಸ್ ಸುರಿಯಬೇಡಿ.

ಆದರೆ ಮೀಟರ್ ಸರಿಯಿದ್ದರೂ ಅದು ಹೇಳುವುದು ಕರಗಿದ ಲವಣಗಳ ಒಟ್ಟು ಅಂದಾಜು ಮಾತ್ರ. ನಮ್ಮ ಚಿರೇಕಲ್ಲು ನೆಲದ ಬಾವಿನೀರು ಮೊದಲೇ ಮೆದು, ಅಂಕಿ ಕಡಿಮೆ ಬರುವುದು ಸಹಜ. ಮೀನಿನ ಹೇಲು, ಉಳಿದ ತಿಂಡಿಯಿಂದ ಹುಟ್ಟುವ ಅಮೋನಿಯ ಎಷ್ಟೆಂದು ಅದು ಹೇಳದು. ಹೊಸ ಫಿಲ್ಟರಿನಲ್ಲಿ ಅದನ್ನು ಅರಗಿಸುವ ಸೂಕ್ಷ್ಮಜೀವಿಗಳು ಬೆಳೆಯಲು ನಾಲ್ಕಾರು ವಾರವೇ ಬೇಕು. ನನಗನ್ನಿಸುವಂತೆ ನಿಮ್ಮ ಮೀನುಗಳು ಸತ್ತದ್ದು ಇದರಿಂದಲೇ. ಅಲ್ಲಿಯವರೆಗೆ ತಿಂಡಿ ಚಿಟಿಕೆಯಷ್ಟೇ ಹಾಕಿ, ಎರಡು ದಿನಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ. ಅಮೋನಿಯ ನೋಡುವ ಹನಿ-ಪರೀಕ್ಷೆಯ ಕಿಟ್ ಬೇರೆ ಸಿಗುತ್ತದೆ, ತರಿಸಿಕೊಳ್ಳಿ. ಮಗ ಎಷ್ಟೇ ಹಟ ಹಿಡಿದರೂ ಹೊಸ ಮೀನು ಈಗಲೇ ಬೇಡ.