ಚಿತ್ರ ಪುಕ್ಕಟೆ, ಚೀಲ ದುಬಾರಿ



ಈ ಸಲ ಚಟ್ನಿ-ಗೊಜ್ಜು ಬದಿಗಿಟ್ಟು ನನ್ನದೇ ಒಂದು ಎಡವಟ್ಟಿನ ಕಥೆ ಹೇಳುತ್ತೇನೆ. ನಿಮ್ಮಲ್ಲೂ ಬಹಳ ಮಂದಿ ಮನೆಯಲ್ಲೇ ಚೀಲ ಹೊಲಿದು, ಹಪ್ಪಳದ ಪೊಟ್ಟಣ ಕಟ್ಟಿ ನಾಲ್ಕು ಕಾಸು ಸಂಪಾದಿಸುವವರು ಇದ್ದೀರಿ. ಅದಕ್ಕೇ ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ.

ಹೋದ ವರ್ಷ ಗೌರಿ ಹಬ್ಬಕ್ಕೆ ನಾನೂ ನನ್ನ ನಾದಿನಿಯೂ 200 ತಾಂಬೂಲದ ಚೀಲ ಮಾಡಿದೆವು. ಬಟ್ಟೆ, ಹೊಲಿಗೆ, ಅಚ್ಚು ಎಲ್ಲಾ ಸೇರಿ ಚೀಲಕ್ಕೆ 45 ರೂಪಾಯಿ. ಸಂಘದಿಂದ 9,000 ಸಾಲ ತೆಗೆದಿದ್ದೆವು. ಚೀಲದ ಮೇಲೆ ಅಚ್ಚು ಹಾಕಿಸಲು ಚಂದದ ಗೌರಮ್ಮ ಬೇಕಲ್ಲ? ಫೋನಿನಲ್ಲಿ ಹುಡುಕಿದರೆ ನೂರಾರು ಸಿಕ್ಕವು. "ಅತ್ತಿಗೆ, ಇದಕ್ಕೆ ದುಡ್ಡೇನೂ ಕೇಳ್ತಿಲ್ಲ, ಇಳಿಸ್ಕೊಳ್ಳೋಣ" ಅಂದಳು ನಾದಿನಿ. ಚಿತ್ರದ ಮೂಲೆಯಲ್ಲಿ ಇರುವೆಯಷ್ಟು ಸಣ್ಣ ಸಹಿ ಇತ್ತು. ಅಂದ ಕೆಡುತ್ತದೆ ಅಂತ ಅದನ್ನು ಕತ್ತರಿಸಿ ತೆಗೆದವಳು ನಾನೇ.

70 ರೂಪಾಯಿಯಂತೆ 140 ಚೀಲ ಹೋದವು. ಕೊಂಡವರೊಬ್ಬರು ಫೋಟೋ ತೆಗೆದು ಹತ್ತು ಜನಕ್ಕೆ ಕಳಿಸಿದರು. ಅದು ಹೇಗೋ ಚಿತ್ರ ಬರೆದ ಹುಡುಗಿಯ ಕಣ್ಣಿಗೇ ಬಿತ್ತು. ಅವಳಿಂದ ಫೋನು ಬಂತು. ಬೈಯಲಿಲ್ಲ ಕಣ್ರೀ, ಬೈದಿದ್ದರೆ ನಾನೂ ಎರಡು ಮಾತಾಡುತ್ತಿದ್ದೆನೋ ಏನೋ. "ಆಂಟೀ, ನನಗೆ ಹೊಟ್ಟೆಪಾಡು ಇದೇ. ಸಹಿ ಯಾಕೆ ತೆಗೆದ್ರಿ?" ಅಂದಳು. ನನ್ನ ಬಾಯಿಂದ ಮಾತೇ ಹೊರಡಲಿಲ್ಲ.

ನಮ್ಮೂರಿನ ವಕೀಲರನ್ನು ಕೇಳಿದೆವು. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಚಿತ್ರ ಬರೆದ ಗಳಿಗೆಯಿಂದಲೇ ಹಕ್ಕು ಬರೆದವರದು, ಎಲ್ಲೂ ನೋಂದಣಿ ಮಾಡಿಸಿರಬೇಕಾಗಿಲ್ಲ. ಬರೆದವರು ತೀರಿಕೊಂಡ ಮೇಲೂ 60 ವರ್ಷ ಆ ಹಕ್ಕು ಉಳಿಯುತ್ತದೆ. "ಗೊತ್ತಿರಲಿಲ್ಲ" ಅಂದರೂ ಮಾರಾಟ ನಿಲ್ಲಿಸಿ, ಬಂದ ಲಾಭ ಕೊಡಿ ಎಂದು ಕೋರ್ಟು ಹೇಳಬಹುದಂತೆ. ಗೊತ್ತಿದ್ದೂ ವ್ಯಾಪಾರಕ್ಕೆ ಬಳಸಿದರೆ 6 ತಿಂಗಳಿಂದ 3 ವರ್ಷ ಜೈಲು, 50,000ದಿಂದ 2 ಲಕ್ಷದವರೆಗೆ ದಂಡ. ಸಹಿ ಕತ್ತರಿಸಿದವಳು ಗೊತ್ತಿರಲಿಲ್ಲ ಅಂತ ಯಾವ ಮುಖ ಇಟ್ಟುಕೊಂಡು ಹೇಳಲಿ? ಬಣ್ಣ ಬದಲಾಯಿಸಿ, ಎಡದ್ದನ್ನು ಬಲಕ್ಕೆ ತಿರುಗಿಸಿದರೂ ಚಿತ್ರ ನಮ್ಮದಾಗುವುದಿಲ್ಲ.

ಹಾಗಾದರೆ ಪುಕ್ಕಟೆ ಚಿತ್ರವೇ ಇಲ್ಲವೇ ಅಂತೀರಾ? ಇವೆ. ಪಿಕ್ಸಾಬೇಯಂಥ ತಾಣಗಳಲ್ಲಿ ಸಿಗುತ್ತವೆ. ಆದರೆ ಇದ್ದದ್ದನ್ನು ಇದ್ದ ಹಾಗೇ ಚೀಲಕ್ಕೋ ಲೋಟಕ್ಕೋ ಒತ್ತಿ ಮಾರುವಂತಿಲ್ಲ ಎಂದು ಅಲ್ಲೂ ಷರತ್ತು ಹಾಕಿದ್ದಾರೆ. ಕ್ರಿಯೇಟಿವ್ ಕಾಮನ್ಸ್ ಎಂಬ ಪರವಾನಗಿಯ ಚಿತ್ರಗಳಲ್ಲಿ 'ಎನ್‌ಸಿ' ಎಂಬ ಎರಡಕ್ಷರ ಕಂಡರೆ ವ್ಯಾಪಾರಕ್ಕೆ ಕೂಡದು. 'ಬಿವೈ' ಇದ್ದರೆ ಬರೆದವರ ಹೆಸರು ಹಾಕಲೇಬೇಕು. ರಾಜಾ ರವಿವರ್ಮ ತೀರಿಕೊಂಡದ್ದು 1906ರಲ್ಲಿ, ಅವರ ಲಕ್ಷ್ಮಿ-ಸರಸ್ವತಿಯರ ಹಕ್ಕು ಎಂದೋ ಮುಗಿದಿದೆ. ಆದರೆ ಅದನ್ನೇ ಈಗಿನವರೊಬ್ಬರು ಹೊಸದಾಗಿ ಬರೆದಿದ್ದರೆ ಆ ಹೊಸ ಕೆಲಸ ಅವರದು. ಸಿನಿಮಾ ನಟರ ಮುಖದ ತಂಟೆಗಂತೂ ಹೋಗಲೇಬೇಡಿ. 2022ರಲ್ಲಿ ದೆಹಲಿ ಹೈಕೋರ್ಟು ಅಮಿತಾಭ್ ಬಚ್ಚನ್ನರ ಹೆಸರು, ಚಿತ್ರ, ದನಿಯನ್ನು ಅವರನ್ನು ಕೇಳದೆ ಬಳಸಬಾರದೆಂದು ತಡೆಯಾಜ್ಞೆ ಕೊಟ್ಟಿದೆ.

ನಮ್ಮ ಕಥೆಗೆ ಬರೋಣ. ಆ ಹುಡುಗಿ ಕೇಳಿದ್ದು ಮಾರಿದ ಚೀಲಗಳ ಲಾಭ ಮಾತ್ರ. 25ರಂತೆ 3,500 ಆಯಿತು, ಕೊಟ್ಟೆವು. ಸಂಘದ ಸಾಲಕ್ಕೆ 2,700 ಕಡಿಮೆ ಬಿತ್ತು. ಅದನ್ನು ನಮ್ಮ ಯಜಮಾನರಿಗೆ ಹೇಳಲು ನನಗೆ ಒಂದು ವಾರ ಹಿಡಿಯಿತು. ಸಂಕ್ರಾಂತಿಗೆ ಅವಳನ್ನೇ ಕೇಳಿ, ಹಣ ಕೊಟ್ಟು, ಕಬ್ಬಿನ ಜಲ್ಲೆಯ ಚಿತ್ರ ಬರೆಸಿಕೊಂಡೆವು. ಎಷ್ಟು ಚೀಲಕ್ಕೆ ಬಳಸಬಹುದು ಅಂತ ಕಾಗದದ ಮೇಲೆ ಬರೆಸಿ ಸಹಿಯನ್ನೂ ಹಾಕಿಸಿಕೊಂಡೆ. ಈ ಸಲ ಚೀಲದ ಮೇಲೂ ಅವಳ ಸಹಿ ಇದೆ.

ಉಳಿದ 60 ಗೌರಿ ಚೀಲ ಅಟ್ಟದ ಮೇಲಿವೆ. "ಮಾರಬೇಡಿ, ಮನೆಗೆ ಬಳಸಿಕೊಳ್ಳಿ" ಅಂದಿದ್ದಾಳೆ. ಗೌರಮ್ಮನ ಚೀಲಕ್ಕೆ ಈರುಳ್ಳಿ ತುಂಬಲು ಮನಸ್ಸು ಬಾರದೆ ತೆಂಗಿನಕಾಯಿ ತರಲು ಮಾತ್ರ ಒಯ್ಯುತ್ತೇನೆ.