ಕೈ ಹಿಡಿದು ನಡೆಸುವದೋ, ಹೊತ್ತುಕೊಂಡು ಹೋಗುವದೋ?

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಿಗೂ ಅವರ ತಾಯಿತಂದೆಗಳಿಗೂ ಈ ಸ್ಮರಣ ಸಂಚಿಕೆಯ ಮೂಲಕ ಒಂದು ಮಾತನ್ನು ಅರಿಕೆ ಮಾಡಿಕೊಳ್ಳುತ್ತೇವೆ. ಜಾಲತಾಣಗಳ ಬಳಕೆಯನ್ನು ಅರಿಯದ ನಮ್ಮ ಹಿರಿಯ ಹೆಂಗಸರಿಗೆ ನಾವು ಮಾಡುತ್ತಿರುವ ಸಹಾಯವು ಬಹುಮಟ್ಟಿಗೆ ಸಹಾಯವೇ ಅಲ್ಲವೆಂಬದು ನಮ್ಮ ಅಭಿಪ್ರಾಯವು.

ಆಲಮೇಲದ ಕಡೆಯ ಒಬ್ಬ ತಾಯಿಯ ಸಂಗತಿಯನ್ನು ನೋಡಿರಿ. ಗಂಡನು ತೀರಿಕೊಂಡ ಮೇಲೆ ಹೊಲವು ತನ್ನ ಹೆಸರಿಗೆ ಬಂದಿತೋ ಇಲ್ಲವೋ ಎಂಬದನ್ನು ತಿಳಿಯುವದಕ್ಕೆ ಆಕೆಯು ಉತಾರವನ್ನು ನೋಡಬೇಕಾಗಿತ್ತು. ಪ್ರತಿಸಾರಿಯೂ ಒಂದು ಅಂಗಡಿಗೆ ಹೋಗಿ, ಹಣವನ್ನೂ ತನ್ನ ಮೊಬೈಲನ್ನೂ ಅಪರಿಚಿತನ ಕೈಗೆ ಕೊಟ್ಟು ಕಾದು ನಿಲ್ಲುವಳು. ಆಕೆಯ ಮೊಮ್ಮಗಳು ಓದಿದವಳು. ರಜೆಗೆ ಬಂದಾಗ ಅರೆಗಳಿಗೆಯಲ್ಲಿ ತಾನೇ ಎಲ್ಲವನ್ನೂ ಒತ್ತಿ ತೋರಿಸಿಬಿಡುವಳು. ಅವಳು ಊರು ಬಿಟ್ಟ ಮರುದಿನ ಆಯಿಗೆ ಮತ್ತೆ ಅದೇ ಅಂಗಡಿಯ ಬಾಗಿಲೇ ಗತಿ. ಅಂಗಡಿಯವನೂ ಮೊಮ್ಮಗಳೂ ಮಾಡಿದ್ದು ಒಂದೇ ಕೆಲಸವಲ್ಲವೇ? ಇಬ್ಬರೂ ಆಕೆಯನ್ನು ಹೊತ್ತುಕೊಂಡು ಹೋದರು. ನಡೆಯಲು ಕಲಿಸಿದವರು ಯಾರೂ ಇಲ್ಲ.

ಇದು ಅಲ್ಪ ಸಂಗತಿಯೆಂದು ಎಣಿಸಲಾಗದು. ಕರ್ನಾಟಕದ ‘ಭೂಮಿ’ ಯೋಜನೆಯಿಂದ 2000ದ ಸುಮಾರಿಗೆ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರವನ್ನು ಸೇರಿದವು. ಇಂದು ಅವನ್ನು ಮನೆಯಲ್ಲಿ ಕುಳಿತೇ ಓದಿ ನೋಡಬಹುದು. ಬರಿದೆ ನೋಡುವದಕ್ಕೆ ಶುಲ್ಕವಿಲ್ಲ. ಹೊಲ, ಮಾಸಾಶನ, ಬ್ಯಾಂಕಿನ ಹಣ ಎಲ್ಲವೂ ಈ ಬಾಗಿಲಿನ ಒಳಗಿರುವಾಗ, ಬೀಗದ ಕೈಯನ್ನು ಪರರ ಸೊಂಟದಲ್ಲಿ ಬಿಡುವದು ಉಚಿತವೇ? ಒಮ್ಮೆ ಮಾತ್ರ ಬಳಸುವ ಗುಪ್ತ ಸಂಖ್ಯೆಯನ್ನು, ಅಂದರೆ ಓಟಿಪಿಯನ್ನು, ಕೇಳಿದವರಿಗೆಲ್ಲ ಓದಿ ಹೇಳುವ ರೂಢಿಯು ಇಂಥ ಪರಾವಲಂಬನೆಯಿಂದಲೇ ಹುಟ್ಟುವದು.

ಹಾಗಾದರೆ ಕಲಿಸುವದು ಹೇಗೆ? ಮೊದಲನೆಯ ನಿಯಮವು ಒಂದೇ: ಕಲಿಸುವವಳು ತನ್ನ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಿರಬೇಕು. ಮೊಬೈಲು ಕಲಿಯುವವಳ ಕೈಯಲ್ಲಿಯೇ ಇರತಕ್ಕದ್ದು. “ನಾ ಏನರೆ ಒತ್ತಿ ಹೊಲಾ ಅಳಿಸಿ ಹೋದರ ಹ್ಯಾಂಗ, ಯವ್ವಾ?” ಎಂದು ಆ ತಾಯಿಯು ಕೇಳಿದಳಂತೆ. ಈ ಭಯವನ್ನು ನಗೆಯಾಡದೆ ನಿವಾರಿಸಬೇಕು. ನೋಡುವದರಿಂದ ದಾಖಲೆಯು ಬದಲಾಗುವದಿಲ್ಲವೆಂದೂ, ದಾರಿ ತಪ್ಪಿದರೆ ಹಿಂದಕ್ಕೆ ಬರುವ ಬಾಣದ ಗುರುತು ಇದೆಯೆಂದೂ ತಿಳಿಸಿ, ಬೇಕೆಂದೇ ಒಮ್ಮೆ ದಾರಿ ತಪ್ಪಿಸಿ ಹಿಂದಿರುಗಲು ಹೇಳಬೇಕು.

ಆ ಬಳಿಕ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು ಎಂಬ ಮೆಟ್ಟಿಲುಗಳನ್ನು ಒಂದೊಂದಾಗಿ ಏರಿಸಬೇಕು. ಇಲ್ಲಿಯೂ ತೊಡಕುಗಳುಂಟು. ಆಕೆಯ ಬಾಯಲ್ಲಿ ಬಿಜಾಪುರವೆಂದಿರುವದು 2014ರಿಂದ ವಿಜಯಪುರವಾಗಿದೆ. ಹಳೆಯ ಕಾಗದದಲ್ಲಿ ಸಿಂದಗಿ ತಾಲ್ಲೂಕೆಂದಿರುವ ಆಲಮೇಲವು ಈಗ ತಾನೇ ಒಂದು ತಾಲ್ಲೂಕು. ಒಂದರಲ್ಲಿ ಊರು ಕಾಣದಿದ್ದರೆ ಇನ್ನೊಂದರಲ್ಲಿ ಹುಡುಕಬೇಕೆಂಬದನ್ನು ಆಕೆಯೇ ಕಂಡುಕೊಳ್ಳಲಿ. ಹುಡುಕಿ ಪಡೆದದ್ದು ಮರೆಯುವದಿಲ್ಲ.

ಸುಳ್ಳು ತಾಣಗಳನ್ನು ಗುರುತಿಸುವ ಬಗೆಯನ್ನೂ ಕಲಿಸತಕ್ಕದ್ದು. ಸರಕಾರದ ತಾಣದ ವಿಳಾಸದಲ್ಲಿ ಮೊದಲನೆಯ ಓರೆಗೆರೆಗಿಂತ ಮುಂಚಿನ ಭಾಗವು ಸಾಮಾನ್ಯವಾಗಿ ‘ಗವ್ ಡಾಟ್ ಇನ್’ ಎಂದು ಮುಗಿಯುವದು. ಇಂಗ್ಲಿಷು ಬಾರದವರೂ ಆ ಐದು ಅಕ್ಷರಗಳ ಆಕಾರವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಹೋಲಿಸಿ ನೋಡಬಹುದು. ಮೋಸ ಹೋದೆವೆಂದು ತಿಳಿದ ಕೂಡಲೆ 1930ಕ್ಕೆ ಕರೆ ಮಾಡಬೇಕೆಂಬದನ್ನೂ ಅದೇ ಚೀಟಿಯಲ್ಲಿ ಬರೆದಿಡಲಿ.

ಇದಕ್ಕೆಲ್ಲ ಸಮಯವೆಲ್ಲಿದೆ ಎಂದು ಕೆಲವರು ಕೇಳಬಹುದು. ನಾವೇ ಒತ್ತಿದರೆ ಎರಡು ನಿಮಿಷ, ಕಲಿಸಹೋದರೆ ಎರಡು ತಾಸು ಎಂಬದು ನಿಜವು. ಆದರೆ ಹೆಂಗಸರಿಗೆ ಓದೇಕೆಂದು ಜನರು ಹಾಸ್ಯಮಾಡುತ್ತಿದ್ದ ಕಾಲದಲ್ಲಿ ಮಿಶನ್ನಿನ ಸ್ತ್ರೀಯರು ಮನೆಮನೆಗೆ ನಡೆದುಹೋಗಿ ಅಕ್ಷರ ಕಲಿಸಿದರು. ಕಾಗದಗಳನ್ನು ತಾವೇ ಓದಿ ಹೇಳಿ ಹಿಂದಿರುಗಿದ್ದರೆ ಅವರ ಸಮಯವೂ ಉಳಿಯುತ್ತಿತ್ತು. ಆದರೆ ನಮ್ಮ ಅಜ್ಜಿಯರು ಓದು ಕಲಿಯುತ್ತಿರಲಿಲ್ಲ, ಇಂಥ ಶಾಲೆಗಳೂ ಬೆಳೆಯುತ್ತಿರಲಿಲ್ಲ. ಆ ತಾಳ್ಮೆಯ ಫಲವನ್ನು ಉಂಡವರು ನಾವು. ಕೊಟ್ಟ ತಲಾಂತನ್ನು ನೆಲದಲ್ಲಿ ಹೂಳಿದ ಆಳಿನ ಸಾಮತಿಯನ್ನು ಚಿಕ್ಕಂದಿನಲ್ಲಿ ನಾವೆಲ್ಲರೂ ಕೇಳಿದ್ದೇವೆ.

ಆದ ಕಾರಣ, ಪ್ರಿಯ ಸಹೋದರಿಯರೇ, ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಮನೆಯವರಲ್ಲಿ ಅಥವಾ ನೆರೆಯವರಲ್ಲಿ ಒಬ್ಬಳೇ ಒಬ್ಬ ತಾಯಿಯ ಪಕ್ಕದಲ್ಲಿ ಕುಳಿತುಕೊಳ್ಳಿರಿ. ಆಕೆಯು ಎಷ್ಟು ತಡಮಾಡಿದರೂ ಕೈ ಚಾಚಬೇಡಿರಿ. ತನ್ನ ಹೊಲದ ಉತಾರವನ್ನು ಆಕೆಯು ತನ್ನ ಬೆರಳಿನಿಂದಲೇ ತೆರೆದು, ತನ್ನ ಹೆಸರನ್ನು ತಾನೇ ಓದಿಕೊಳ್ಳುವ ದಿನ ನಿಮ್ಮ ವಿದ್ಯೆಯು ಸಾರ್ಥಕವಾದೀತು.