ಟೊಮೆಟೊ ಮೇಲೆ ಹಿಟ್ಟಿನ ಚೀಲ

‘ನಿಮ್ಮನೆಗೆ ತಗೊಂಡ್ ಹೋಗೋದಾದ್ರೂ ಹಿಂಗೇ ತುಂಬ್ತಿದ್ಯೇನಪ್ಪ?’

ಬಿಲ್ಲಿಂಗ್ ಕೌಂಟರಿನ ಮುಂದೆ ನಿಂತು ಆ ಅಜ್ಜಿ ಹೀಗೆ ಕೇಳಿದಾಗ ನನ್ನ ಬಳಿ ಉತ್ತರ ಇರಲಿಲ್ಲ. ಅರ್ಧ ಗಂಟೆ ಮೊದಲು ನಾನೇ ತುಂಬಿಕೊಟ್ಟಿದ್ದ ಬಟ್ಟೆ ಚೀಲವನ್ನು ಅವರು ವಾಪಸ್ ತಂದಿದ್ದರು. 5 ಕೆ.ಜಿ. ಗೋಧಿ ಹಿಟ್ಟಿನ ಕೆಳಗೆ ಟೊಮೆಟೊ, ಟೊಮೆಟೊ ಪಕ್ಕದಲ್ಲಿ ಒಂದು ಡಜನ್ ಮೊಟ್ಟೆ. ಚೀಲದ ತಳದಿಂದ ಹಳದಿ ನೀರು ತೊಟ್ಟಿಕ್ಕುತ್ತಿತ್ತು. ಹಿಂದೆ ಸಾಲಿನಲ್ಲಿ ನಿಂತವರೆಲ್ಲ ನನ್ನನ್ನೇ ನೋಡುತ್ತಿದ್ದರು.

ಕಳೆದ ಬೇಸಿಗೆ ರಜೆಯಲ್ಲಿ ಬೆಂಗಳೂರಿನ ಒಂದು ಸೂಪರ್‌ಮಾರ್ಕೆಟ್‌ನಲ್ಲಿ ಎರಡು ತಿಂಗಳು ಪ್ಯಾಕಿಂಗ್ ಕೆಲಸ ಮಾಡಿದೆ. ಬಿ.ಕಾಂ. ಕೊನೆಯ ವರ್ಷದ ಫೀಸಿಗೆ ದುಡ್ಡು ಬೇಕಿತ್ತು. ಏಜೆನ್ಸಿಯವರು ಆಧಾರ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಜೆರಾಕ್ಸ್ ತಗೊಂಡು, ಟೀ ಶರ್ಟ್ ಕೊಟ್ಟು, ಮಾರನೆಯ ದಿನವೇ ಕೌಂಟರಿನ ತುದಿಗೆ ನಿಲ್ಲಿಸಿದರು. ಬಿಲ್ ಹಾಕುವವರಿಗೆ ಮೂರು ದಿನ ತರಬೇತಿ ಇತ್ತು. ಚೀಲ ತುಂಬುವವನಿಗೆ? ‘ಅದೇನು ಕಲಿಯೋದಿದೆ, ತುಂಬೋದು, ಕೊಡೋದು’ ಅಂದರು ಸೂಪರ್‌ವೈಸರ್.

ಆಮೇಲೆ ನನಗೆ ತಿಳಿದದ್ದು, ಕಲಿಯುವುದು ಬಹಳ ಇದೆ ಅಂತ.

ಒಂದು ಉದಾಹರಣೆ ನೋಡಿ. ನಮ್ಮ ಅಂಗಡಿಯಲ್ಲಿ ತರಕಾರಿ, ಮೊಟ್ಟೆ, ಬ್ರೆಡ್ ಇದ್ದದ್ದು ಬಿಲ್ಲಿಂಗ್ ಕೌಂಟರಿನ ಪಕ್ಕದಲ್ಲಿ. ಅಕ್ಕಿ, ಎಣ್ಣೆ, ಹಿಟ್ಟು ಒಳಗೆ. ತಿಳಿವಳಿಕೆ ಇರುವ ಗ್ರಾಹಕರು ಭಾರದ ಸಾಮಾನನ್ನು ಮೊದಲು ಟ್ರಾಲಿಗೆ ಹಾಕಿ, ಕೊನೆಗೆ ಟೊಮೆಟೊ, ಮೊಟ್ಟೆಯನ್ನು ಜೋಪಾನವಾಗಿ ಮೇಲಿಟ್ಟು ತರುತ್ತಾರೆ. ಕೌಂಟರಿಗೆ ಬಂದಾಗ ಮೇಲಿದ್ದದ್ದೇ ಮೊದಲು ಕೈಗೆ ಸಿಗುವುದು. ಮೊದಲು ಟೊಮೆಟೊ ಸ್ಕ್ಯಾನ್ ಆಗುತ್ತದೆ, ಮೊದಲು ಟೊಮೆಟೊ ನನ್ನ ಮುಂದೆ ಬರುತ್ತದೆ, ಮೊದಲು ಟೊಮೆಟೊ ಚೀಲದ ತಳ ಸೇರುತ್ತದೆ. ಹಿಟ್ಟಿನ ಪ್ಯಾಕೆಟ್ ಬರುವುದು ಕಟ್ಟಕಡೆಗೆ. ಟ್ರಾಲಿಯಲ್ಲಿ ಸರಿಯಾಗಿದ್ದ ಜೋಡಣೆ ಚೀಲದಲ್ಲಿ ತಲೆಕೆಳಗಾಗುತ್ತದೆ. ಇದನ್ನು ತಪ್ಪಿಸಬೇಕಾದರೆ ಮೃದುವಾದದ್ದನ್ನು ಪಕ್ಕಕ್ಕೆ ಸರಿಸಿಟ್ಟು, ಭಾರದ್ದು ಬರುವ ತನಕ ಕಾಯಬೇಕು. ಪಕ್ಕಕ್ಕೆ ಇಡಲು ಜಾಗ ಬೇಕು, ಕಾಯಲು ಸಮಯ ಬೇಕು. ನಮ್ಮ ಕೌಂಟರಿನ ತುದಿ ಎರಡು ಚೀಲ ಇಟ್ಟರೆ ತುಂಬಿಹೋಗುತ್ತಿತ್ತು. ಇನ್ನು ಸಮಯದ ವಿಷಯಕ್ಕೆ ಬಂದರೆ, ಬಿಲ್ ಹಾಕುವವರು ನಿಮಿಷಕ್ಕೆ ಎಷ್ಟು ಐಟಂ ಸ್ಕ್ಯಾನ್ ಮಾಡಿದರು ಎಂಬ ಲೆಕ್ಕ ಕಂಪ್ಯೂಟರಿನಲ್ಲಿ ದಾಖಲಾಗುತ್ತಿತ್ತು. ವಾರಕ್ಕೊಮ್ಮೆ ಆ ಪಟ್ಟಿಯನ್ನು ಸ್ಟಾಫ್ ರೂಮಿನ ಗೋಡೆಗೆ ಅಂಟಿಸುತ್ತಿದ್ದರು. ಯಾರ ಚೀಲ ಚೆನ್ನಾಗಿತ್ತು ಎಂಬ ಪಟ್ಟಿ ಇರಲಿಲ್ಲ. ಹಾಗಾಗಿ ಬೀಪ್ ಬೀಪ್ ಶಬ್ದದ ವೇಗಕ್ಕೆ ನನ್ನ ಕೈ ಓಡಬೇಕಿತ್ತು.

ಅದೂ ತಿಂಗಳ ಮೊದಲ ವಾರದ ಶನಿವಾರ, ಭಾನುವಾರ ಬಂದರೆ ಕೇಳಬೇಡಿ. ಸಂಬಳ ಆಗಿರುತ್ತದೆ, ಸಾಲು ಬಾಗಿಲಿನವರೆಗೆ ಇರುತ್ತದೆ. ಒಡೆದ ಮೊಟ್ಟೆಯ ದೂರುಗಳು ಹೆಚ್ಚು ಬರುತ್ತಿದ್ದುದು ಆಗಲೇ. ಆ ಅಜ್ಜಿ ಬಂದದ್ದೂ ಒಂದು ಭಾನುವಾರ.

ಅವತ್ತು ಸಂಜೆ ನನ್ನ ಕೌಂಟರಿನಲ್ಲಿ ಬಿಲ್ ಹಾಕುತ್ತಿದ್ದ ಅಕ್ಕ ಐದು ನಿಮಿಷ ಬಿಡುವು ಸಿಕ್ಕಾಗ ಒಂದು ಖಾಲಿ ಚೀಲ ತಗೊಂಡು ನನಗೆ ಪಾಠ ಮಾಡಿದರು. ಮಾಗಡಿ ಕಡೆಯವರು, ಒಂಬತ್ತು ವರ್ಷದಿಂದ ಇದೇ ಕೆಲಸ. ಸಕ್ಕರೆ, ಬೇಳೆ ಪ್ಯಾಕೆಟ್ಟುಗಳನ್ನು ತಳಕ್ಕೆ ಹಾಸು. ಬಿಸ್ಕೆಟ್, ಟೀಪುಡಿ ಡಬ್ಬಿಯಂಥ ಚೌಕದವನ್ನು ಅಂಚಿಗೆ ಗೋಡೆ ಥರ ನಿಲ್ಲಿಸು. ಆ ಗೋಡೆಯ ನಡುವೆ ಮೆತ್ತಗಿರೋದು. ಸೋಪು, ಫಿನಾಯಿಲ್ ಯಾವತ್ತೂ ಅಕ್ಕಿ, ಟೀಪುಡಿ ಜೊತೆ ಬೇಡ, ವಾಸನೆ ಹಿಡಿಯುತ್ತೆ. ಹಾಲು, ಮೊಸರು ಒಟ್ಟಿಗೆ ಇಡು, ತಣ್ಣಗಿರೋದು ತಣ್ಣಗಿರೋದರ ಜೊತೆ. ಮೊಟ್ಟೆಯನ್ನ ಚೀಲಕ್ಕೆ ಹಾಕಲೇಬೇಡ, ಕೈಗೆ ಕೊಡು. ‘ಭಾರ ಎಲ್ಲ ಒಂದೇ ಚೀಲಕ್ಕೆ ಹಾಕ್ಬೇಡ ಕಣೋ, ಅವರು ಎರಡು ಕೈಲಿ ಹಿಡ್ಕೊಂಡು ಬಸ್ ಹತ್ತಬೇಕು’ ಅಂದರು. ಈ ಕೊನೆಯ ಮಾತು ನನಗೆ ಹೊಳೆದೇ ಇರಲಿಲ್ಲ. ನಾನು ಚೀಲವನ್ನು ಕೌಂಟರಿನ ತನಕ ಮಾತ್ರ ಯೋಚಿಸಿದ್ದೆ, ಅಕ್ಕ ಮನೆಯ ತನಕ ಯೋಚಿಸಿದ್ದರು.

ತಿಪಟೂರಿನಲ್ಲಿ ನಮ್ಮ ಬೀದಿಯ ಶೆಟ್ಟರ ಅಂಗಡಿಯಲ್ಲಿ ಇದೇ ವಿದ್ಯೆಯನ್ನು ಚಿಕ್ಕಂದಿನಿಂದ ನೋಡಿದ್ದೇನೆ, ಆದರೆ ವಿದ್ಯೆ ಅಂತ ಗೊತ್ತಿರಲಿಲ್ಲ. ಕಾಗದ ಸುತ್ತಿ, ಮೇಲಿನಿಂದ ಇಳಿಬಿದ್ದ ದಾರ ಎಳೆದು ಎರಡು ಸುತ್ತು ಹಾಕಿ ಪಟ್ಟನೆ ಹರಿದರೆ ಪೊಟ್ಟಣ ಸಿದ್ಧ. ಮನೆಗೆ ಬರುವ ತನಕ ಒಂದು ಕಾಳು ಚೆಲ್ಲುತ್ತಿರಲಿಲ್ಲ. (ಪತ್ರಿಕೆಯ ಕಾಗದದಲ್ಲಿ ತಿನ್ನುವ ಪದಾರ್ಥ ಕಟ್ಟಬೇಡಿ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲೂ ಎಚ್ಚರಿಸಿದೆ, ಶಾಯಿ ಆರೋಗ್ಯಕ್ಕೆ ಕೆಟ್ಟದ್ದು. ನಾನು ಹೊಗಳುತ್ತಿರುವುದು ಕಾಗದವನ್ನಲ್ಲ, ಕೈಯನ್ನು.)

ಪ್ಲಾಸ್ಟಿಕ್ ವಿಷಯವನ್ನೂ ಇಲ್ಲಿ ಹೇಳಬೇಕು. ಕರ್ನಾಟಕ 2016ರಲ್ಲೇ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ನಿಷೇಧಿಸಿತು. 2022ರ ಜುಲೈ 1ರಿಂದ ಹಲವು ಏಕಬಳಕೆ ಪ್ಲಾಸ್ಟಿಕ್ ವಸ್ತುಗಳಿಗೆ ದೇಶದಾದ್ಯಂತ ನಿಷೇಧ ಬಂತು. ಬೇಕಾದದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೊದಲು ಒದ್ದೆಗೊಂದು, ಒಣಗಿದ್ದಕ್ಕೊಂದು, ಸೋಪಿಗೊಂದು ಎಂದು ನಾಲ್ಕು ತೆಳು ಕವರ್‌ಗಳಲ್ಲಿ ಹಂಚಿಹೋಗುತ್ತಿದ್ದ ಸಾಮಾನು ಈಗ ಗ್ರಾಹಕರು ಮನೆಯಿಂದ ತಂದ ಒಂದೇ ದೊಡ್ಡ ಚೀಲಕ್ಕೆ ಬೀಳುತ್ತದೆ. ಅಂಗಡಿಯ ಚೀಲಕ್ಕೆ ದುಡ್ಡು ಕೊಡಬೇಕು, ಹಾಗಾಗಿ ಎರಡನೇ ಚೀಲ ಯಾರೂ ಕೇಳುವುದಿಲ್ಲ. ಆ ದುಡ್ಡಿನ ವಿಷಯಕ್ಕೆ ಗ್ರಾಹಕರು ಜಗಳ ಆಡಿ ಗೆದ್ದಿದ್ದಾರೆ ಕೂಡ. ಚಂಡೀಗಡದ ಗ್ರಾಹಕರ ವೇದಿಕೆ 2019ರಲ್ಲಿ ಒಂದು ಕಾಗದದ ಚೀಲಕ್ಕೆ 3 ರೂಪಾಯಿ ಹಾಕಿದ್ದು ತಪ್ಪು ಎಂದು ಪಾದರಕ್ಷೆ ಕಂಪನಿಯೊಂದಕ್ಕೆ ದಂಡ ವಿಧಿಸಿತ್ತು. ಚೀಲದ ಬೆಲೆ ಹೀಗೆ ಸುದ್ದಿಯಾಯಿತು. ಒಂದೇ ಚೀಲದಲ್ಲಿ ಎಲ್ಲವನ್ನೂ ಒಡೆಯದಂತೆ ಇಡುವ ಕೆಲಸಕ್ಕೆ ಮೊದಲಿಗಿಂತ ಹೆಚ್ಚು ಕೌಶಲ ಬೇಕಾಯಿತು ಎಂಬುದು ಯಾರ ತಲೆಗೂ ಹೋಗಲಿಲ್ಲ.

ನನ್ನ ಪಿಜಿಯ ರೂಮ್‌ಮೇಟ್ ಒಂದು ಆ್ಯಪ್ ಕಂಪನಿಯ ಗೋದಾಮಿನಲ್ಲಿ ಕೆಲಸ ಮಾಡುತ್ತಾನೆ. ಗ್ರಾಹಕರು ಒಳಗೆ ಬರದ, ಡೆಲಿವರಿಗಾಗಿಯೇ ಇರುವ ಅಂಗಡಿ ಅದು, ಡಾರ್ಕ್ ಸ್ಟೋರ್ ಅನ್ನುತ್ತಾರೆ. ಆರ್ಡರ್ ಬಂದ ಕೂಡಲೇ ಅವನ ಕೈಯಲ್ಲಿರುವ ಯಂತ್ರದಲ್ಲಿ ಸೆಕೆಂಡುಗಳು ಓಡಲು ಶುರುವಾಗುತ್ತವೆ. ಯಾವ ರ್‍ಯಾಕ್ ಮೊದಲೋ ಆ ಸಾಮಾನು ಮೊದಲು ಕಾಗದದ ಚೀಲಕ್ಕೆ. ಫ್ರಿಜ್‌ನಿಂದ ತೆಗೆದ ಹಾಲಿನ ಪ್ಯಾಕೆಟ್ ಬೆವರಿ ಚೀಲದ ತಳ ಹರಿದರೆ ಗ್ರಾಹಕರು ಬಯ್ಯುವುದು ಬಾಗಿಲಲ್ಲಿ ನಿಂತ ಡೆಲಿವರಿ ಹುಡುಗನಿಗೆ. ಚೀಲ ತುಂಬಿದವನು ಅವನಲ್ಲ.

2025ರ ಡಿಸೆಂಬರ್ 31ರಂದು ಡೆಲಿವರಿ ಕೆಲಸಗಾರರು ಮುಷ್ಕರ ಮಾಡಿದರು. 2026ರ ಜನವರಿಯಲ್ಲಿ ಕೇಂದ್ರ ಕಾರ್ಮಿಕ ಸಚಿವರು ಕಂಪನಿಗಳ ಜೊತೆ ಮಾತನಾಡಿದ ಮೇಲೆ ‘10 ನಿಮಿಷ’ ಎಂಬ ಜಾಹೀರಾತು ಹಿಂದೆ ಸರಿಯಿತು. ನಮ್ಮ ರಾಜ್ಯ ಗಿಗ್ ಕಾರ್ಮಿಕರಿಗಾಗಿ 2025ರಲ್ಲಿ ಕಾಯ್ದೆಯನ್ನೇ ತಂದಿದೆ, ಪ್ರತಿ ವಹಿವಾಟಿನಲ್ಲಿ ಕೆಲಸಗಾರರಿಗೆ ಕೊಡುವ ಮೊತ್ತದ ಮೇಲೆ ಶೇ 1ರಿಂದ 5ರಷ್ಟು ಕಲ್ಯಾಣ ಶುಲ್ಕ ಸಂಗ್ರಹಿಸುವ ಅವಕಾಶ ಅದರಲ್ಲಿದೆ. ಒಳ್ಳೆಯದೇ. ಆದರೆ ಈ ಚರ್ಚೆಯಲ್ಲೆಲ್ಲ ನಮ್ಮ ಕಣ್ಣಿಗೆ ಕಂಡದ್ದು ರಸ್ತೆಯ ಮೇಲಿರುವ ಹುಡುಗ. ಗೋದಾಮಿನ ಒಳಗೆ ಚೀಲ ತುಂಬುವವರು ಬೈಕ್ ಓಡಿಸುವುದಿಲ್ಲ, ಅಪಘಾತಕ್ಕೆ ಸಿಗುವುದಿಲ್ಲ, ಆದ್ದರಿಂದ ಸುದ್ದಿಯಾಗುವುದಿಲ್ಲ. ಗಡಿಯಾರ ಮಾತ್ರ ಇಬ್ಬರಿಗೂ ಒಂದೇ.

ಬೇರೆ ದೇಶಗಳಲ್ಲಿ ಹೇಗೆ ಅಂತ ಹುಡುಕಿದಾಗ ನಗು ಬಂತು. ಅಮೆರಿಕದಲ್ಲಿ ಚೀಲ ತುಂಬುವವರಿಗೆ ರಾಷ್ಟ್ರಮಟ್ಟದ ಸ್ಪರ್ಧೆ ಇದೆ! ಅಲ್ಲಿನ ದಿನಸಿ ವ್ಯಾಪಾರಿಗಳ ರಾಷ್ಟ್ರೀಯ ಸಂಘ 1987ರಲ್ಲಿ ಶುರುಮಾಡಿದ್ದು. ವೇಗಕ್ಕೆ ಅಂಕ, ಚೀಲಗಳಿಗೆ ಭಾರ ಸಮನಾಗಿ ಹಂಚಿದ್ದಕ್ಕೆ ಅಂಕ, ಜೋಡಿಸಿದ ರೀತಿಗೆ ಅಂಕ. ಅಕ್ಕ ಹೋದರೆ ಗೆದ್ದು ಬರುತ್ತಾರೆ. ಜರ್ಮನಿಯಲ್ಲಿ ಗ್ರಾಹಕರೇ ತುಂಬಿಕೊಳ್ಳುವುದು ರೂಢಿ, ಮೊಟ್ಟೆ ಒಡೆದರೆ ಅವರದೇ ಕೈ. ನಮ್ಮಲ್ಲಿ ಎರಡೂ ಅಲ್ಲ. ಕೆಲಸ ಇದೆ, ಅದನ್ನು ಕೆಲಸ ಅಂತ ಯಾರೂ ಎಣಿಸುವುದಿಲ್ಲ. ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ಕೆಲಸಗಾರರಿಗೆ ಕೂರಲು ಆಸನ ಕೊಡಬೇಕು ಎಂದು ಕಾನೂನು ತಿದ್ದಿದವು. ನಮ್ಮ ಕೌಂಟರಿನಲ್ಲಿ ಕುರ್ಚಿ ಇರಲಿಲ್ಲ. ಎಂಟು ಗಂಟೆ ನಿಂತ ಮೇಲೆ ಕೈಗೆ ಸಿಕ್ಕಿದ್ದನ್ನು ಚೀಲಕ್ಕೆ ತುರುಕಿ ಕಳುಹಿಸಿದರೆ ಸಾಕು ಅನ್ನಿಸುತ್ತದೆ. ಇದು ನೆಪ ಅಲ್ಲ ಅಂತ ಹೇಳುವುದಿಲ್ಲ. ಅಕ್ಕನೂ ನಿಂತೇ ಇರುತ್ತಿದ್ದರು, ಆದರೂ ಅವರು ತುಂಬಿದ ಚೀಲ ವಾಪಸ್ ಬರುತ್ತಿರಲಿಲ್ಲ. ಕೆಲವು ಚೀಲಗಳಲ್ಲಿ ತಪ್ಪು ನನ್ನದೇ. ಒಂದು ಸಲ ಗ್ರಾಹಕರೊಬ್ಬರು ಬಿಲ್ ಹಾಕುವ ಉದ್ದಕ್ಕೂ ಫೋನಿನಲ್ಲಿ ಮಾತಾಡುತ್ತ ನನ್ನ ಮುಖವನ್ನೂ ನೋಡಲಿಲ್ಲ ಎಂಬ ಸಿಟ್ಟಿಗೆ ಬ್ರೆಡ್ಡಿನ ಮೇಲೆ ಎಣ್ಣೆ ಡಬ್ಬಿ ಇಟ್ಟಿದ್ದೇನೆ. ನಾಚಿಕೆ ಆಗುತ್ತದೆ.

ಮತ್ತೆ ಅಜ್ಜಿಯ ಮೊಟ್ಟೆಗೆ ಬರುತ್ತೇನೆ. ಸೂಪರ್‌ವೈಸರ್ ಕ್ಷಮೆ ಕೇಳಿ ಮೊಟ್ಟೆ, ಟೊಮೆಟೊ ಬದಲಿಸಿಕೊಟ್ಟರು. ಅಜ್ಜಿ ಸಮಾಧಾನವಾಗಿ ಹೋದರು. ಅಂಗಡಿಯ ಸೌಜನ್ಯ ನೋಡಿ ನನಗೂ ಖುಷಿಯಾಯಿತು. ತಿಂಗಳ ಕೊನೆಗೆ ಸಂಬಳದ ಚೀಟಿ ನೋಡಿದರೆ ‘ಡ್ಯಾಮೇಜ್ 460’ ಎಂದು ಒಂದು ಸಾಲು. ಅಜ್ಜಿಯ ಮೊಟ್ಟೆ, ಇನ್ನೊಬ್ಬರ ಮೊಸರು, ನಾನು ರಜೆ ಹಾಕಿದ್ದ ದಿನ ಒಡೆದ ಒಂದು ಜಾಮ್ ಬಾಟಲಿ. ಏಜೆನ್ಸಿಯವರನ್ನು ಕೇಳಿದರೆ ‘ಎಲ್ರಿಗೂ ಹಂಗೇ, ಸ್ಟೋರ್‌ನೋರು ಕಟ್ ಮಾಡಿ ಕಳಿಸ್ತಾರೆ’ ಅಂದರು. ಸ್ಟೋರಿನವರನ್ನು ಕೇಳಿದರೆ ‘ನೀನು ಏಜೆನ್ಸಿ ಹುಡುಗ, ಅವರನ್ನೇ ಕೇಳು’ ಅಂದರು. ನಾನು ಸುಮ್ಮನಾದೆ.

ಕಾಲೇಜು ಶುರುವಾದ ಮೇಲೆ ಕಾರ್ಮಿಕ ಕಾನೂನಿನ ಪೇಪರ್ ಓದುವಾಗ ಆ 460 ರೂಪಾಯಿ ನೆನಪಾಯಿತು. ಒಡೆದ ವಸ್ತುವಿಗಾಗಿ ಸಂಬಳದಲ್ಲಿ ಕಡಿತ ಮಾಡಬೇಕಾದರೆ ಆ ವಸ್ತುವನ್ನು ಕೆಲಸಗಾರನ ವಶಕ್ಕೆ ಸ್ಪಷ್ಟವಾಗಿ ಒಪ್ಪಿಸಿರಬೇಕು. ನಷ್ಟ ನೇರವಾಗಿ ಅವನ ನಿರ್ಲಕ್ಷ್ಯದಿಂದಲೇ ಆಗಿರಬೇಕು. ಕಡಿತಕ್ಕೆ ಮೊದಲು ಅವನಿಗೆ ಕಾರಣ ಹೇಳಿಕೊಳ್ಳಲು ಅವಕಾಶ ಕೊಡಬೇಕು. ನಷ್ಟದ ಮೊತ್ತಕ್ಕಿಂತ ಒಂದು ಪೈಸೆ ಹೆಚ್ಚು ಹಿಡಿಯುವಂತಿಲ್ಲ. 1936ರ ವೇತನ ಪಾವತಿ ಕಾಯ್ದೆಯಲ್ಲೇ ಇದ್ದ ನಿಯಮ ಇದು. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯಲ್ಲೂ ಇದೆ. ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ಕೇಳಿದ್ದರೆ ಮೊಟ್ಟೆಯ ತಪ್ಪು ಒಪ್ಪಿಕೊಳ್ಳುತ್ತಿದ್ದೆ, ಜಾಮ್ ಬಾಟಲಿಯದ್ದು ಖಂಡಿತ ಇಲ್ಲ.

ಕೌಂಟರಿನ ವೇಗ ನಿಗದಿ ಮಾಡಿದವರು ಬೇರೆ, ಪ್ಯಾಕಿಂಗಿಗೆ ಜಾಗ ಉಳಿಸಿದವರು ಬೇರೆ, ತರಬೇತಿ ಬೇಡ ಅಂದವರು ಬೇರೆ. ಒಡೆದ ಮೊಟ್ಟೆಯ ಬಿಲ್ ಮಾತ್ರ ಕಟ್ಟಕಡೆಯ ಕೈಗೆ ಬಂತು. ಹೀಗೆ ಬಿಲ್ ಬೇರೆಯವರ ಮೇಲೆ ಹಾಕಲು ಸಾಧ್ಯವಿರುವ ತನಕ ಕೌಂಟರನ್ನು ಒಂದಡಿ ಉದ್ದ ಮಾಡುವ ಖರ್ಚು ಯಾವ ಅಂಗಡಿ ಮಾಡೀತು? ಪಿಕ್ಕರ್, ಪ್ಯಾಕರ್ ಕೆಲಸಕ್ಕೆ ನೇರ ಸಂದರ್ಶನ ಎಂಬ ಜಾಹೀರಾತುಗಳನ್ನು ನಮ್ಮ ಕಾಲೇಜಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ದಿನಾ ನೋಡುತ್ತೇನೆ. ಹೋಗುವವರು ಹೋಗಿ, ಕೆಲಸದಲ್ಲಿ ಅವಮಾನ ಏನಿಲ್ಲ. ಸಹಿ ಹಾಕುವ ಮೊದಲು ಪಿ.ಎಫ್., ಇ.ಎಸ್.ಐ. ಇದೆಯಾ ಎಂದು ಕೇಳುವ ಹಾಗೆ, ಡ್ಯಾಮೇಜ್ ಆದರೆ ಯಾರು ಕೊಡಬೇಕು ಎಂದೂ ಕೇಳಿ. ಉತ್ತರ ಕೊಡುವವರ ಮುಖ ನೋಡಿದರೆ ಅರ್ಧ ವಿಷಯ ಗೊತ್ತಾಗುತ್ತದೆ.

ಕಳೆದ ವಾರ ಅಕ್ಕನಿಗೆ ಫೋನ್ ಮಾಡಿ ಈ ನಿಯಮ ಹೇಳಿದೆ. ಅವರಿಗೂ ತಿಂಗಳಿಗೆ ನೂರು, ಇನ್ನೂರು ಹೋಗುತ್ತಲೇ ಇದೆಯಂತೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅದನ್ನ ಕನ್ನಡದಲ್ಲಿ ಒಂದು ಹಾಳೇಲಿ ಬರ್ದು ಕಳ್ಸೋ, ಊಟದ ಟೈಮಲ್ಲಿ ಎಲ್ರಿಗೂ ಓದಿ ಹೇಳ್ತೀನಿ’ ಅಂದರು. ಬರೆದು, ಫೋಟೊ ತೆಗೆದು ಕಳುಹಿಸಿದ್ದೇನೆ. ಎರಡು ನೀಲಿ ಗೆರೆ ಬಂದಿವೆ.